ಜ್ವರ ಎಂದು ಬರೆಯದ ಅರ್ಜಿ

ಆ ವರ್ಷ ಯೂನಿವರ್ಸಿಟಿಯಿಂದ ಹೊಸ ಆದೇಶ ಬಂತು. ಡಿಗ್ರಿ ಮೊದಲ ವರ್ಷದವರಿಗೆಲ್ಲ ಬರವಣಿಗೆ ಮತ್ತು ವಾದ ಮಂಡನೆ ಕಲಿಸುವ ಒಂದು ಕೋರ್ಸು ಇರಬೇಕು, ಕಲಿಸುವವರು ಒಂದೊಂದು ವಿಷಯ ಆರಿಸಿಕೊಂಡು ವರ್ಷವಿಡೀ ಅದರ ಸುತ್ತಲೇ ಓದಿಸಿ ಬರೆಸಬೇಕು. ಆಂಧ್ರದ ಗಡಿಯೂರು ಆದೋನಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಬ್ಬರು ಕ್ರಿಕೆಟ್ ಎಂದರು, ಇನ್ನೊಬ್ಬರು ಜಾಹೀರಾತು ಎಂದರು. ನಾನು ವಲಸೆ ಎಂದೆ. ಎಷ್ಟು ಘನವಾದ ವಿಷಯ ಹಿಡಿದೆ ಎಂದು ನನಗೇ ನನ್ನ ಬಗ್ಗೆ ಹೆಮ್ಮೆಯಾಯಿತು. ಆ ಹೆಮ್ಮೆ ಇಳಿಯಲು ಯುಗಾದಿ ಬರಬೇಕಾಯಿತು.

ಮೊದಲ ದಿನವೇ ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದೆ. ಯಾರಿಗೆ ಬರೆಯುತ್ತಿದ್ದೀಯ? ಅವರು ಯಾಕೆ ಒಪ್ಪುವುದಿಲ್ಲ? ಅವರು ಹೇಳುವುದರಲ್ಲಿ ಸರಿ ಎಷ್ಟಿದೆ? ಇವಕ್ಕೆ ಉತ್ತರವಿಲ್ಲದ ಕಾಗದ ನನ್ನ ಟೇಬಲ್ಲಿಗೆ ಬಂದರೆ ಹಾಗೇ ವಾಪಸ್ಸು ಎಸೆಯುತ್ತೇನೆ ಎಂದು ಹೆದರಿಸಿದೆ. ನನ್ನ ಸಿಟ್ಟು ಕಾಲೇಜಿಗೆಲ್ಲ ಗೊತ್ತು. ಮಕ್ಕಳು ತೆಲುಗಿನಲ್ಲಿ ಬರೆಯುತ್ತಿದ್ದರು, ಬರೆಯುವಾಗ ಪಕ್ಕದವರ ಹತ್ತಿರ ಕನ್ನಡದಲ್ಲಿ ಗೊಣಗುತ್ತಿದ್ದರು. ನಾನು ಗಡಿಯ ಹೊಳಗುಂದದ ಕಡೆಯವಳು, ನನ್ನ ಮನೆಮಾತೂ ಕನ್ನಡವೇ, ಗೊಣಗಿದ್ದು ನನಗೆ ಅರ್ಥವಾಗುತ್ತದೆ ಎಂದು ಅವರಿಗೆ ತಿಳಿಯಲು ಒಂದು ವಾರ ಹಿಡಿಯಿತು.

ಎರಡನೇ ಬೆಂಚಿನ ತುದಿಯಲ್ಲಿ ಆಸ್ಪರಿ ಕಡೆಯ ಹಳ್ಳಿಯ ಒಬ್ಬ ಹುಡುಗಿ ಕೂರುತ್ತಿದ್ದಳು. ಮಾತು ಕಡಿಮೆ, ಅಕ್ಷರ ಮುತ್ತಿನಂತೆ. ತಮ್ಮೂರಿಗೆ ಸಂಜೆ ಬಸ್ಸು ಬೇಕೆಂದು ಡಿಪೋ ಮ್ಯಾನೇಜರಿಗೆ ಬರೆದ ಅಭ್ಯಾಸಪತ್ರದಲ್ಲಿ, ಖಾಲಿ ಬಸ್ಸು ಓಡಿಸಿದರೆ ಡಿಪೋಗೆ ಆಗುವ ತೊಂದರೆಯನ್ನು ಮೊದಲ ಪ್ಯಾರಾದಲ್ಲೇ ತಾನೇ ಹೇಳಿದ್ದಳು. ಮೂರು ಪ್ರಶ್ನೆಗೂ ಉತ್ತರ ಕೊಟ್ಟವಳು ಅವಳೊಬ್ಬಳೇ. ಕೆಂಪು ಪೆನ್ನಿಗೆ ಕೆಲಸ ಸಿಗಲಿಲ್ಲ.

ಸಂಕ್ರಾಂತಿ ಕಳೆದು ಕಾಲೇಜು ತೆರೆದಾಗ ಆ ಜಾಗ ಖಾಲಿ. ಅದೊಂದೇ ಅಲ್ಲ, ಹಿಂದೆಯೂ ಅಲ್ಲಲ್ಲಿ ಖಾಲಿ. ಹಬ್ಬದ ಜಡ್ಡು ಇನ್ನೂ ಬಿಟ್ಟಿಲ್ಲ ಎಂದು ಬೈದುಕೊಂಡು ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದೆ. ದಿನಾ ಎಳೆದೆ. ಆ ತಿಂಗಳುಗಳಲ್ಲೇ ನಾನು ಎಲ್ಲೆಲ್ಲಿಯವರೋ ಹಡಗು ಹತ್ತಿ, ರೈಲು ಹತ್ತಿ ದುಡಿಯಲು ಹೋದ ಕಥೆಗಳನ್ನು ಓದಿಸಿದ್ದು. ಓದುತ್ತ ಓದುತ್ತ ಅವರಿಗಾಗಿ ಮರುಗುತ್ತಿದ್ದೆ. ಎದುರಿನ ಖಾಲಿ ಬೆಂಚು ನೋಡಿದರೆ ಮಾತ್ರ ಸಿಟ್ಟು ಬರುತ್ತಿತ್ತು.

ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಸಂಕ್ರಾಂತಿ ಆದ ಮೇಲೆ ಬೀಗ ಬೀಳುವ ಓಣಿಯಲ್ಲೇ ಬೆಳೆದವಳು ನಾನು. ಜೋಳ, ಹತ್ತಿಯ ಕೆಲಸ ಮುಗಿದರೆ ಮಂದಿ ಚಾಪೆ, ಪಾತ್ರೆ, ಕೋಳಿ ಸಮೇತ ಟೆಂಪೋ ಹತ್ತಿ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದರು. ಸುಗ್ಗಿಗೆ ಹೋದರು ಎನ್ನುತ್ತಿದ್ದೆವು, ಅಷ್ಟೇ. ಚಿಕ್ಕಂದಿನಿಂದ ಕಂಡದ್ದು ಪಾಠವಾಗಬಲ್ಲದು ಎಂದು ನನಗೆ ಹೊಳೆದಿರಲಿಲ್ಲ. ಪಾಠ ಎಂದರೆ ದೂರದಿಂದ ಬರಬೇಕು ಎಂದು ನಂಬಿದ್ದೆ.

ಯುಗಾದಿ ಹತ್ತಿರ ಬಂದಾಗ ಹುಡುಗಿ ವಾಪಸ್ಸು ಬಂದಳು. ಮುಖ ಕಪ್ಪಿಟ್ಟಿತ್ತು. ಆ ದಿನ ಕ್ಲಾಸಿನಲ್ಲಿ ಬರೆದ ಪುಟ ನೋಡಿದರೆ ಮುತ್ತಿನ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಎಷ್ಟು ದಿನ ಮಲಗಿದ್ದೆ ಎಂದು ಎಲ್ಲರೆದುರಿಗೇ ರೇಗಿದೆ.

ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದಳು. ಮುಕ್ಕಾಲು ಪಾಲು ಹಾಜರಿ ಇಲ್ಲದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಆಫೀಸಿನ ಗುಮಾಸ್ತರು ಹೇಳಿದ್ದರಂತೆ. ಕೂರದಿದ್ದರೆ ಒಂದು ವರ್ಷ ಹೋಗುತ್ತದೆ, ಹೋದರೆ ಮನೆಯಲ್ಲಿ ಮತ್ತೆ ಕಳಿಸುವುದಿಲ್ಲ. ದಾರಿ ಒಂದೇ, ಡಾಕ್ಟರ ಸರ್ಟಿಫಿಕೇಟ್ ಸೇರಿಸಿ ಪ್ರಿನ್ಸಿಪಾಲರಿಗೆ ಅರ್ಜಿ ಕೊಡುವುದು, ಅದೂ ಶನಿವಾರದೊಳಗೆ. ಪ್ರತಿ ವರ್ಷವೂ ನಮ್ಮ ಕಾಲೇಜಿನಲ್ಲಿ ಈ ಹೊತ್ತಿಗೆ ಟೈಫಾಯ್ಡ್ ಹಬ್ಬುತ್ತದೆ. ನಾವೆಲ್ಲ ಅದನ್ನು ನೋಡಿ ನಗುತ್ತೇವೆ, ಸಹಿ ಹಾಕುತ್ತೇವೆ. ಹಾಗೇ ಅವಳಿಗೂ ಹೇಳಿದೆ, ಒಂದು ಸರ್ಟಿಫಿಕೇಟ್ ತಂದುಬಿಡು, ಮುಗಿಯಿತು.

ಹುಡುಗಿ ಕದಲಲಿಲ್ಲ. "ನನಗ ಜ್ವರ ಬಂದಿಲ್ಲ ಮೇಡಂ. ಅವ್ವನ ಜೋಡಿ ಮೆಣಸಿನಕಾಯಿ ಬಿಡಿಸಾಕ ಹೋಗಿದ್ದೆ" ಎಂದಳು. ಆಮೇಲೆ ಕೇಳಿದಳು, "ಜ್ವರ ಅಂತ ಸುಳ್ಳು ಬರದ್ರ ಕುಂದ್ರಸ್ತಾರ, ಖರೇ ಬರದ್ರ ಕುಂದ್ರಸಂಗಿಲ್ಲ. ಮತ್ತ ನಾವು ಇಷ್ಟು ದಿನ ಕಲ್ತದ್ದು ಯಾತಕ್ಕರೀ?"

ಕೂರು ಎಂದು ಕುರ್ಚಿ ಎಳೆದುಕೊಟ್ಟೆ. ಆಗ ನೋಡಿದೆ, ಅವಳ ಬೆರಳ ತುದಿಯೆಲ್ಲ ಸುಟ್ಟಂತೆ ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಮೆಣಸಿನಕಾಯಿ ಉರಿ. ಬೆಳಿಗ್ಗೆ ನಾನು ರೇಗಿದ ಆ ಅಕ್ಷರ ಈ ಬೆರಳಿನದು.

ಯಾಕೆ ಹೋಗಲೇಬೇಕಾಯಿತು ಎಂದು ಕೇಳಿದೆ. ಹೊಲದಲ್ಲಿ ಮೇಸ್ತ್ರಿ ಗಿಡದ ಸಾಲು ಹಂಚುವುದು ಜೋಡಿಗೆ, ಒಂಟಿಯಾಗಿ ಬಂದವರಿಗೆ ಅಲ್ಲ ಎಂದಳು. ಸಾಲಿನ ಆ ಬದಿಗೆ ಒಬ್ಬರು, ಈ ಬದಿಗೆ ಒಬ್ಬರು. ಪ್ರತಿ ವರ್ಷ ಅವಳ ಅವ್ವನಿಗೆ ಅತ್ತಿಗೆ ಜೋಡಿ. ಈ ಸಲ ಅತ್ತಿಗೆಗೆ ದಿನ ತುಂಬಿತ್ತು. ಜೋಡಿ ಇಲ್ಲದೆ ಅವ್ವನನ್ನು ಟೆಂಪೋಗೇ ಹತ್ತಿಸುತ್ತಿರಲಿಲ್ಲ. ಇನ್ನೊಂದು ಪದ್ಧತಿಯನ್ನೂ ಹೇಳಿದಳು. ಕೈ ಚುರುಕಿದ್ದವರು ತಮ್ಮ ಬದಿ ಮುಗಿಸಿಕೊಂಡು ಮುಂದೆ ಹೋಗುವಂತಿಲ್ಲ, ಹಿಂದೆ ಉಳಿದವರ ಬದಿಗೂ ಕೈ ಚಾಚಿ ಬಿಡಿಸಬೇಕು. ಸಾಲಿನ ಕೊನೆ ಇಬ್ಬರೂ ಒಟ್ಟಿಗೇ ಮುಟ್ಟಬೇಕು. ಮೊದಲ ವಾರವೆಲ್ಲ ಅವ್ವ ಇವಳ ಬದಿಯನ್ನೂ ತಾನೇ ಬಿಡಿಸಿದ್ದಳು.

ಹಾಗಾದರೆ ಇದನ್ನೇ ಬರೆ ಎಂದೆ. ಒಂದು ಅಕ್ಷರವನ್ನೂ ನಾನು ಮುಟ್ಟುವುದಿಲ್ಲ ಎಂದೂ ಹೇಳಿದೆ. ಮಾರನೆಯ ದಿನ ಒಂದೂವರೆ ಪುಟ ತಂದು ತೋರಿಸಿದಳು. ಹೋದದ್ದು, ಜೋಡಿಯ ಪದ್ಧತಿ, ಅತ್ತಿಗೆಯ ಹೆರಿಗೆ, ಎಲ್ಲ ಅಳುಕಿಲ್ಲದೆ ಇತ್ತು. ಕೊನೆಯ ಪ್ಯಾರಾವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಒಬ್ಬಳಿಗೆ ನಿಯಮ ಸಡಿಲಿಸಿದರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದು ತಾವು ಯೋಚಿಸಬಹುದು. ಆ ಯೋಚನೆ ಸರಿಯಾದದ್ದು. ಎಲ್ಲರೂ ಕೇಳಬೇಕು."

ನಾನು ಅದನ್ನು ಎರಡು ಸಲ ಓದಿದೆ. ಮೊದಲು ಖುಷಿಯಾಯಿತು, ಆಮೇಲೆ ಹೆದರಿಕೆ. ಇಂಥ ಅರ್ಜಿ ಒಂದೇ ಹೋದರೆ ಪ್ರಿನ್ಸಿಪಾಲರು ಮನಸ್ಸು ಕರಗಿ ಸಹಿ ಹಾಕಿಯಾರು. ಈಗಲೇ ಹೋಗಿ ಕೊಟ್ಟುಬಿಡು ಎಂದು ಅವಸರ ಮಾಡಿದೆ. ಅವಳು ಹೂಂ ಎಂದು ಹೋದಳು.

ಶನಿವಾರ ಬೆಳಿಗ್ಗೆ ಕ್ಲಾಸಿಗೆ ಹೋದರೆ ಹಿಂದಿನ ಬೆಂಚಿನಲ್ಲಿ ಐದು ತಲೆಗಳು ಗುಂಪಾಗಿ ಬಾಗಿದ್ದವು. ನಡುವೆ ಈ ಹುಡುಗಿ. ಉಳಿದ ನಾಲ್ವರು ನನ್ನ ಪುಸ್ತಕದಲ್ಲಿ ಕೆಂಪು ಗೆರೆ ತುಂಬಿಸಿಕೊಂಡವರು, ಆಫೀಸಿನ ಸಾಲಿನಲ್ಲಿ ಟೈಫಾಯ್ಡ್ ಸರ್ಟಿಫಿಕೇಟ್ ಹಿಡಿದು ನಿಂತಿದ್ದವರು. ಅವರಲ್ಲಿ ಗೋನೆಗಂಡ್ಲದ ಕಡೆಯ ಒಬ್ಬಳು ಎದ್ದು ನಿಂತು, "ನಮ್ದೂ ಜ್ವರ ಅಲ್ರೀ ಮೇಡಂ" ಎಂದಳು. ಹರಿದಿದ್ದ ಸರ್ಟಿಫಿಕೇಟನ್ನು ಚೀಲದಿಂದ ತೆಗೆದು ತೋರಿಸಿದಳು.

ಹುಡುಗಿಯನ್ನು ಹೊರಗೆ ಕರೆದೆ. ನಿನ್ನ ಅರ್ಜಿ ಕೊಟ್ಟೆಯಾ ಎಂದು ಕೇಳಿದೆ. ಇಲ್ಲವಂತೆ. ನನಗೆ ಸಿಟ್ಟು ನೆತ್ತಿಗೇರಿತು. ಐದು ಜನ ಒಟ್ಟಿಗೆ ಹೋದರೆ ಯಾರೂ ಕರಗುವುದಿಲ್ಲ, ನಿನ್ನದು ನೀನು ನೋಡಿಕೊಳ್ಳಬಾರದಾ ಎಂದು ಗದರಿದೆ. "ಅವರದು ಇನ್ನಾ ಮುಗಿದಿಲ್ರೀ. ಅವರನ್ನ ಬಿಟ್ಟು ನಾನೊಬ್ಬಾಕಿ ಹೆಂಗ ಮುಂದ ಹೋಗ್ಲಿ?" ಎಂದು ಮೆಲ್ಲಗೆ ಹೇಳಿದಳು. ಕೇಳಿದ್ದಕ್ಕೆ ಉತ್ತರ ಕೊಟ್ಟೆ ಎನ್ನುವಷ್ಟೇ ಸಲೀಸಾಗಿ ಹೇಳಿ ಒಳಗೆ ಹೋದಳು. ಅವರಲ್ಲೊಬ್ಬ ಹುಡುಗ ಮೊದಲ ಸಾಲು ತೋಚದೆ ಪೆನ್ನು ಕಚ್ಚುತ್ತಿದ್ದ. ಅವನ ಪಕ್ಕ ಕೂತು, ಯಾರಿಗೆ ಬರೀತಿ, ಅವರು ಯಾಕ ಒಪ್ಪಂಗಿಲ್ಲ ಎಂದು ಒಂದೊಂದಾಗಿ ಕೇಳತೊಡಗಿದಳು. ಆ ಗಂಟೆ ನಾನು ಪಾಠ ಮಾಡಲಿಲ್ಲ.

ಮಧ್ಯಾಹ್ನ ಐದೂ ಅರ್ಜಿ ಹಿಡಿದು ಅವರ ಜೊತೆ ನಾನೂ ಹೋದೆ. ಪ್ರಿನ್ಸಿಪಾಲರು ಕೆಟ್ಟವರಲ್ಲ, ನಿಯಮ ಮುರಿದರೆ ಮೇಲಿನವರಿಗೆ ಉತ್ತರ ಕೊಡಬೇಕಾದವರು. ಹುಡುಗಿಯ ಅರ್ಜಿ ಮೇಲಿತ್ತು. ಓದುತ್ತ ಓದುತ್ತ ಕೊನೆಯ ಪ್ಯಾರಾಕ್ಕೆ ಬಂದು ನಿಂತರು. ಕೆಳಗಿನ ನಾಲ್ಕನ್ನು ಬೆರಳಲ್ಲಿ ಎತ್ತಿ ನೋಡಿದರು. ಸರ್ಟಿಫಿಕೇಟ್ ತಂದಿದ್ದರೆ ಇಷ್ಟು ಹೊತ್ತಿಗೆ ನಾನು ಸಹಿ ಹಾಕಿಬಿಡುತ್ತಿದ್ದೆ ಎಂದರು, ತಮಗೆ ತಾವೇ ಹೇಳಿಕೊಂಡಂತೆ.

ಆಮೇಲೆ ನನ್ನ ಕಡೆ ತಿರುಗಿದರು. ಈ ಕೋರ್ಸಿಗೆ ಹೊರಗೆ ಹೋಗಿ ನೋಡಿ ಬರೆಯುವ ದಿನಗಳೂ ಹಾಜರಿಗೆ ಸೇರುತ್ತವೆ, ಇವರು ಹೋದದ್ದನ್ನು ಹಾಗೆ ಲೆಕ್ಕ ಹಿಡಿಯಲು ನೀವು ಬರೆದುಕೊಟ್ಟರೆ, ಉಳಿದ ಅಧ್ಯಾಪಕರನ್ನು ಒಪ್ಪಿಸುವ ಕೆಲಸ ನನ್ನದು ಎಂದರು. ನಿಮ್ಮ ವಿಷಯ ಯಾವುದಾಗಿತ್ತು ಎಂದೂ ಕೇಳಿದರು.

ವಲಸೆ ಎಂದೆ. ಐದು ಮಕ್ಕಳೆದುರು ಆ ಒಂದು ಮಾತು ಹೇಳುವಾಗ ಸ್ಟಾಫ್ ರೂಮಿನ ಹೆಮ್ಮೆ ಉಳಿದಿರಲಿಲ್ಲ.

ಅಲ್ಲೇ ಕೂತು ಬರೆದುಕೊಟ್ಟೆ. ಇವರು ನನ್ನ ಪಾಠಕ್ಕೆ ಗೈರುಹಾಜರಾಗಿರಲಿಲ್ಲ, ನಾನೇ ಗುರುತಿಸಲಿಲ್ಲ ಎಂದು ಬರೆದು ಸಹಿ ಹಾಕಿದೆ. ಐವರೂ ಪರೀಕ್ಷೆ ಬರೆದರು. ಈಗ ಸಂಕ್ರಾಂತಿಗೆ ಮುಂಚೆಯೇ ಕ್ಲಾಸಿನಲ್ಲಿ ಕೇಳುತ್ತೇನೆ, ಈ ಸಲ ಯಾರು ಯಾರು ಹೋಗುವವರಿದ್ದೀರಿ ಎಂದು. ಮೊದಲ ಸಲ ಕೇಳಿದಾಗ ಕೈಗಳು ಒಂದೊಂದಾಗಿ ಮೇಲೆದ್ದವು. ಅಷ್ಟು ವರ್ಷ ಆ ಕೈಗಳು ನನ್ನೆದುರಿಗೇ ಇದ್ದವು.