ಸ್ವರದ ಕೆಳಗಿನ ಚುಕ್ಕೆ

೨೦೦೮ರಲ್ಲಿ ನಾನು ಕೋಲ್ಕತ್ತದ ಎಸ್ಪ್ಲನೇಡ್ ಹತ್ತಿರದ ಒಂದು ಸಣ್ಣ ಮುದ್ರಣಾಲಯದಲ್ಲಿ ಸಂಗೀತದ ನೊಟೇಶನ್ ಟೈಪ್ ಮಾಡುವ ಆಪರೇಟರ್ ಆಗಿದ್ದೆ. ಚರ್ಚಿನ ಹಾಡು, ಶಾಲೆಯ ಬ್ಯಾಂಡು, ಪಿಟೀಲಿನ ಪಾಠ, ಏನೇ ಬಂದರೂ ಐದು ಗೆರೆಗಳ ಮೇಲೆ ಕೂರಿಸುವುದು ನನ್ನ ಕೆಲಸ. ಹದಿನೆಂಟು ವರ್ಷ ಅದನ್ನೇ ಮಾಡಿ ಕಣ್ಣೂ ಬೆನ್ನೂ ಸೋತಿದ್ದವು.

ಆ ವರ್ಷ ನಮ್ಮ ಹಳೆಯ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ. ಅದನ್ನು ತಯಾರಿಸಿದವರು ಬಾಗಿಲು ಹಾಕಿಕೊಂಡಿದ್ದರು. ಅದರ ಫೈಲುಗಳನ್ನು ಬೇರೆ ಯಾವ ಪ್ರೋಗ್ರಾಮೂ ಓದುತ್ತಿರಲಿಲ್ಲ. ಹಳೆಯ ಕಂಪ್ಯೂಟರ್ ಪೂರ್ತಿ ಕೆಡುವುದರೊಳಗೆ ಎಲ್ಲವನ್ನೂ ಮ್ಯೂಸಿಕ್‌ಎಕ್ಸ್‌ಎಂಎಲ್ ಎಂಬ ಮುಕ್ತ ಫಾರ್ಮ್ಯಾಟಿಗೆ ಬದಲಿಸಬೇಕಿತ್ತು. ಇದರಲ್ಲಿ ಪ್ರತಿ ಸ್ವರದ ಎತ್ತರ, ಉದ್ದ, ಗುರುತು ಎಲ್ಲವೂ ಸಾದಾ ಅಕ್ಷರಗಳಲ್ಲಿರುತ್ತವೆ. ಯಾರ ಪ್ರೋಗ್ರಾಮ್ ಬೇಕಾದರೂ ಅದನ್ನು ಓದಬಹುದು.

ಹೀಗೆ ಬದಲಿಸಿದ್ದರಲ್ಲಿ ಶಾರದಕ್ಕನ ನಲವತ್ತೆರಡು ರಚನೆಗಳಿದ್ದವು. ಅಕ್ಕ ಉಡುಪಿ ಕಡೆಯವರು. ಗಂಡನಿಗೆ ರೈಲ್ವೆ ಕೆಲಸ. ಸಿಯಾಲ್ದಾ ರೈಲು ನಿಲ್ದಾಣದ ಹತ್ತಿರದ ಮನೆಯಲ್ಲಿ ಮೂವತ್ತು ವರ್ಷ ಪಿಟೀಲು ಕಲಿಸಿದವರು. ಪಾರ್ಶ್ವವಾಯು ಬಡಿದ ಮೇಲೆ ಎಡಗೈ ತಂತಿ ಒತ್ತುತ್ತಿರಲಿಲ್ಲ, ನೆನಪೂ ಕೈಕೊಡುತ್ತಿತ್ತು. ಕೈಬರಹದ ಹಾಳೆಗಳನ್ನು ಗೆದ್ದಲು ತಿಂದಿತ್ತು, ಕಲಿತ ಮಕ್ಕಳು ಊರೂರಿಗೆ ಚದುರಿದ್ದರು. ಊರಂಚಿನ ನ್ಯೂ ಟೌನ್ ಬಡಾವಣೆಯ ಒಂದು ಪಿಟೀಲು ತಂಡ ಆ ರಚನೆಗಳನ್ನು ನುಡಿಸಲು ಒಪ್ಪಿದಾಗ ಅಕ್ಕನಿಗೆ ಇದ್ದದ್ದು ಒಂದೇ ಆಸೆ, ಮರೆಯುವ ಮೊದಲು ಒಮ್ಮೆ ಕೇಳಬೇಕು.

ಮರುವರ್ಷ ಜನವರಿಯಲ್ಲಿ ಅಕ್ಕನೂ ನಾನೂ ತಂಡದ ಅಭ್ಯಾಸ ನೋಡಲು ಹೋದೆವು. ಇಳಿದು ನಿಲ್ಲಬೇಕಾದ ಸ್ವರಗಳು ಮೇಲಕ್ಕೆ ಹಾರಿ, ಮೊಟಕಾಗಿ ಕತ್ತರಿಸಿದಂತೆ ಕೇಳಿಸಿದವು.

“ಇದು ನಾನು ಮಾಡಿದ್ದಾ ಮಾರಾಯ?” ಎಂದು ಅಕ್ಕ ನನ್ನ ಮುಖ ನೋಡಿದರು.

ತಪ್ಪು ಹತ್ತು ವರ್ಷ ಹಿಂದಿನದು, ಈ ರಚನೆಗಳನ್ನು ನಾನು ಮೊದಲ ಸಲ ಟೈಪ್ ಮಾಡಿದಾಗಿನದು. ಪಿಟೀಲಿನ ಕೆಳಗಿನ ಸ್ವರಗಳು ಐದು ಗೆರೆಗಳಿಂದಲೂ ಕೆಳಗಿಳಿಯುತ್ತವೆ. “ಮಕ್ಕಳಿಗೆ ಅದರ ತಲೆಬುಡ ಗೊತ್ತಾಗುವುದಿಲ್ಲ. ಮೇಲೆಯೇ ಬರೆದು, ನಮ್ಮಲ್ಲಿಯ ಹಾಗೆ ಅಡಿಗೆ ಒಂದು ಚುಕ್ಕೆ ಇಡು” ಎಂದಿದ್ದರು ಅಕ್ಕ. ನಮ್ಮ ಕರ್ನಾಟಕ ಸಂಗೀತದಲ್ಲಿ ಅಡಿಗೆ ಚುಕ್ಕೆಯಿದ್ದರೆ ಮಂದ್ರ, ಅಂದರೆ ಅದೇ ಸ್ವರ ಒಂದು ಸ್ಥಾಯಿ ಕೆಳಗೆ. ಪಾಶ್ಚಾತ್ಯ ಲಿಪಿಯಲ್ಲಿ ಅದೇ ಚುಕ್ಕೆ ಸ್ಟಕಾಟೊ, ಅಂದರೆ ಸ್ವರವನ್ನು ಮೊಟಕಾಗಿ ನುಡಿಸಬೇಕು. ಸಾಫ್ಟ್‌ವೇರಿನಲ್ಲಿ ಬೇರೆ ಚುಕ್ಕೆಯಿರಲಿಲ್ಲವೆಂದು ನಾನು ಆ ಸ್ಟಕಾಟೊ ಚುಕ್ಕೆಯನ್ನೇ ಎಲ್ಲೆಡೆ ಇಟ್ಟಿದ್ದೆ. ಎದುರು ಕೂತು ಕಲಿಯುವ ಮಕ್ಕಳಿಗೆ ಅಕ್ಕ ಬಾಯಲ್ಲೇ ಹೇಳುತ್ತಿದ್ದರಿಂದ ಅಲ್ಲಿಯವರೆಗೆ ಯಾರೂ ಎಡವಿರಲಿಲ್ಲ. ಹೊಸ ಫೈಲು ಪಾಪ, ನಾನು ಹೇಳಿದ್ದನ್ನೇ ಚಾಚೂ ತಪ್ಪದೆ ಹೇಳಿತು.

ಎಲ್ಲ ಚುಕ್ಕೆಯನ್ನೂ ಮಂದ್ರವಾಗಿಸಿದರೆ ಮುಗಿಯಿತು ಎನ್ನುವಂತಿರಲಿಲ್ಲ. ಕುಣಿತದ ನಡೆಯ ರಚನೆಗಳಲ್ಲಿ ಅಕ್ಕ ನಿಜವಾದ ಸ್ಟಕಾಟೊ ಕೂಡ ಬಳಸಿದ್ದರು. ಯಾವುದು ಯಾವುದೆಂದು ಗೊತ್ತಿದ್ದವರು ಅವರೊಬ್ಬರೇ.

ಮೂರು ವಾರ ದಿನಾ ಅವರ ಮನೆಗೆ ಹೋದೆ. ಬಂದ್ ಇದ್ದ ದಿನವೂ ನಡೆದೇ ಹೋದೆ. ಒಂದೊಂದು ಚುಕ್ಕೆಯನ್ನೂ ಎರಡು ಬಗೆಯಲ್ಲಿ ಕೇಳಿಸುತ್ತಿದ್ದೆ. ಅಕ್ಕ ಕಣ್ಣುಮುಚ್ಚಿ “ಕೆಳಗೆ” ಎನ್ನುವರು, ಇಲ್ಲವೇ “ಮೊಟಕು” ಎನ್ನುವರು. ಬರಬರುತ್ತಾ “ಇನ್ನೊಮ್ಮೆ ಹಾಕು, ನೆನಪಾಗುವುದಿಲ್ಲ” ಎನ್ನುವುದೇ ಹೆಚ್ಚಾಯಿತು. ಕೊನೆಯ ರಚನೆಯಲ್ಲಿ ಹನ್ನೊಂದು ಚುಕ್ಕೆ ಉಳಿದಿದ್ದಾಗ, ಇಲ್ಲೇ ಹುಟ್ಟಿ ಬೆಳೆದ ಮಗಳು ನಂದಿನಿ ಒಳಬಂದು, “ಅಂಕಲ್, ಅಮ್ಮ ತುಂಬ ಟಯರ್ಡ್. ಇನ್ನು ಬೇಡ, ಪ್ಲೀಸ್” ಎಂದಳು. ನಾನೂ ದಣಿದಿದ್ದೆ. ಬೇಡವೆಂದದ್ದು ಒಳ್ಳೆಯದಾಯಿತು ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ. ಆ ಹನ್ನೊಂದನ್ನೂ ಮಂದ್ರವೆಂದು ಬರೆದುಕೊಟ್ಟೆ.

ಫೆಬ್ರವರಿಯಲ್ಲಿ ಕಾರ್ಯಕ್ರಮ ನಡೆಯಿತು. ಅಕ್ಕ ಮುಂದಿನ ಸಾಲಿನಲ್ಲಿ ಕೂತು ಬೆರಳಲ್ಲಿ ತಾಳ ಹಾಕುತ್ತಾ ತಮ್ಮ ರಚನೆಗಳನ್ನು ಒಂದೊಂದಾಗಿ ಗುರುತಿಸಿದರು. ಕೊನೆಯದು ಮುಗಿದಾಗ ನನ್ನತ್ತ ಬಾಗಿ, “ಇದು ಭಾರಿ ಚಂದ ಉಂಟು. ಯಾರದ್ದು?” ಎಂದು ಕೇಳಿದರು.

ನೆನಪು ಅಳಿಸಿ ಹಾಗೆ ಕೇಳಿದರೋ, ನನ್ನ ಊಹೆ ತಪ್ಪಿ ರಚನೆಯೇ ಬೇರೆಯಾಗಿತ್ತೋ, ನನಗೆ ಇಂದಿಗೂ ಗೊತ್ತಿಲ್ಲ. “ನಿಮ್ಮದೇ ಅಕ್ಕ” ಎಂದೆ. ಮರುದಿನ ಫೈಲು ತೆರೆದು ಆ ಹನ್ನೊಂದು ಸ್ವರಗಳ ಪಕ್ಕದಲ್ಲಿ ‘ಇದು ಟೈಪ್ ಮಾಡಿದವನ ಊಹೆ’ ಎಂದು ಬರೆದಿಟ್ಟೆ. ಬರೆಯುವವನು ಹೇಳದೆ ಬಿಟ್ಟದ್ದನ್ನು ಯಾವ ಫಾರ್ಮ್ಯಾಟೂ ಹೊತ್ತುಕೊಂಡು ಹೋಗುವುದಿಲ್ಲ. ನಾನು ಅದನ್ನು ಕಲಿಯುವ ಹೊತ್ತಿಗೆ, ಯಾರನ್ನು ಕೇಳಿ ತಿಳಿಯಬೇಕಿತ್ತೋ ಆ ಅಕ್ಕನಿಗೇ ಮರೆತುಹೋಗಿತ್ತು.