ಕಾಕಾ ಬೋಳಿಸಿದ ನಡುಗಡ್ಡೆ

ಹುಕ್ಕೇರಿಯ ನಮ್ಮ ಜೈನರ ಓಣಿಯಲ್ಲಿ ನನ್ನ ಕಾಕಾನಷ್ಟು ಜೀವದಯೆಯುಳ್ಳವರು ಇನ್ನೊಬ್ಬರಿರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ನೀರು ತಂದ ಜಾಗಕ್ಕೇ ಮರಳಿ ಬಿಡುವುದು ನಮ್ಮೆಲ್ಲರ ಮನೆಯ ಪದ್ಧತಿ. ಕಾಕಾ ಅದನ್ನು ವಕೀಲರು ಕಾಯ್ದೆ ಓದುವಂತೆ ಪಾಲಿಸುತ್ತಿದ್ದರು.

ಕಣ್ಣಿಗೆ ಕಾಣುವ ಜೀವಿಗಳ ಬಗ್ಗೆ ಮಾತ್ರ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಯಮಕನಮರಡಿಯ ಏರಿನಲ್ಲಿ ನಾವೆಲ್ಲ ಇಳಿದು ತಳ್ಳುತ್ತಿದ್ದೆವು; ಅದಕ್ಕೂ ಓಡುವುದು ಎಂದೇ ಹೆಸರು. ಆ ಇದ್ದಿಲಿಗಾಗಿ ಕಾಕಾ ದಡ್ಡಿಯ ಬಳಿ ಘಟಪ್ರಭೆಯ ನಡುಗಡ್ಡೆಯೊಂದನ್ನು ಗುತ್ತಿಗೆ ಹಿಡಿದು, ಹೊಳೆಮತ್ತಿ, ನೇರಳೆ ಎನ್ನದೆ ಒಂದು ಮರವನ್ನೂ ಬಿಡದೆ ಬೇಸಿಗೆಯೊಳಗೆ ಬೋಳಿಸಿದರು. ದಂಡೆಯ ಬೇರುಗಳನ್ನೂ ಅಗೆಸಿದರು. ಬೇರಿನ ಇದ್ದಿಲು ಬಹಳ ಹೊತ್ತು ಉರಿಯುತ್ತದಂತೆ. ಬೆಳ್ಳಕ್ಕಿಗಳು ಗೂಡಿದ್ದ ಜಾಗದ ಮೇಲೆ ಸುಮ್ಮನೆ ಸುತ್ತುತ್ತಿದ್ದವು.

ಧಾರವಾಡದಲ್ಲಿ ಕಾಲೇಜು ಮುಗಿಸಿ ಬಂದಿದ್ದ ನನ್ನನ್ನು ಕಾಕಾ ಇದ್ದಿಲು ಸುಡುವ ಕೊನೆಯ ಭಟ್ಟಿ ನೋಡಲು ನಡುಗಡ್ಡೆಗೆ ಕರೆದೊಯ್ದರು. ಮಧ್ಯಾಹ್ನ, ನಮ್ಮನ್ನು ದಾಟಿಸಿದ್ದ ಹರಿಗೋಲಿನವನು ಕೂಗಿದ:

“ಸಾವಕಾರ್ರ, ನೀರು ಕೆಂಪಾಗೈತಿ. ಮ್ಯಾಲ ಘಟ್ಟದಾಗ ಮಳಿ ಹಿಡದೈತಿ. ಲಗೂನ ಬರ್ರಿ!”

ನಾನು ಹರಿಗೋಲು ಹತ್ತಿ ಕುಳಿತೆ. ಕಾಕಾ ಹತ್ತಲಿಲ್ಲ. ಕೈಯಲ್ಲಿ ತಂಬಿಗೆ, ಅದರಲ್ಲಿ ಬೆಳಿಗ್ಗೆ ಸೋಸಿ ಉಳಿದ ಜೀವಗಳು.

“ಈ ನೀರು ಆ ತುದಿಯಾಗ ತುಂಬೇನಿ. ಅಲ್ಲೇ ಬಿಟ್ಟು ಬರ್ತೇನಿ.”

“ಹೊಳಿ ಒಂದ ಐತಲ್ರಿ ಕಾಕಾ, ಇಲ್ಲೇ ಬಿಡ್ರಿ.”

“ಕಾಲೇಜ್ ಕಲತಿ, ಧರ್ಮಾ ಕಲೀಲಿಲ್ಲ ನೀ.”

“ಅವಕ್ಕ ಈಸಾಕ ಬರ್ತೈತ್ರಿ ಸಾವಕಾರ್ರ, ನಿಮಗ ಬರೂದಿಲ್ಲ!” ಎಂದ ಹರಿಗೋಲಿನವನು.

ಕಾಕಾ ನಡೆದೇ ಬಿಟ್ಟರು. ಆ ತುದಿಯಲ್ಲಿ ಬಗ್ಗಿ ತಂಬಿಗೆ ಮುಳುಗಿಸಿದರು. ಹಿಡಿದಿಡಲು ಒಂದು ಬೇರೂ ಇಲ್ಲದ ದಂಡೆ, ಸದ್ದಿಲ್ಲದೆ, ಅವರನ್ನೂ ಕರೆದುಕೊಂಡು ಹೊಳೆಗಿಳಿಯಿತು. ಸದ್ದು ಆಮೇಲೆ ಬಂತು. ಇಂದಿಗೂ ನನಗೆ ಆ ನೆನಪು ಹಾಗೆಯೇ ಬರುತ್ತದೆ, ಮೊದಲು ನೋಟ, ಆಮೇಲೆ ಸದ್ದು. ಮಂಚದ ಮೇಲಿದ್ದರೂ ಕೆಳಗಿನ ನೆಲ ಜಾರಿದಂತಾಗುತ್ತದೆ.

ಹರಿಗೋಲು ಬುಗುರಿಯಂತೆ ತಿರುಗುತ್ತ ಅವರ ಹಿಂದೆ ಹೋಯಿತು. ಕೆಂಪು ನೀರಿನಲ್ಲಿ ತಲೆ ಒಮ್ಮೆ ಕಂಡಿತು, ಮತ್ತೆ ಇಲ್ಲ. ನಾನು ಕೈ ಚಾಚಿ ಹಿಡಿದದ್ದು ಬರೀ ಧೋತರ. ಅದು ಬಿಚ್ಚಿ ನನ್ನ ಕೈಗೇ ಬಂತು.

“ಅರಿಬಿ ಬಿಡ್ರಿ, ಕೂದ್ಲಾ ಹಿಡೀರಿ!”

ಕೂದಲು ಸಿಕ್ಕಿತು. ಇಬ್ಬರೂ ಸೇರಿ ಒಳಗೆಳೆದೆವು. ದಂಡೆಗೆ ತಂದು ಬೋರಲು ಮಲಗಿಸಿ ಬೆನ್ನು ಒತ್ತಿದಾಗ ಕಾಕಾ ಒಂದಿಷ್ಟು ಘಟಪ್ರಭೆಯನ್ನು, ಸೋಸದೇ ಕುಡಿದದ್ದನ್ನು, ಹೊರಹಾಕಿ ಕಣ್ಣು ಬಿಟ್ಟರು. ಕೇಳಿದ ಮೊದಲ ಮಾತು:

“ಜೀವಾ ಬಿಟ್ನೇನೋ ತಮ್ಮಾ?”

“ಬಿಟ್ಟಿದ್ರಿ,” ಎಂದ ಹರಿಗೋಲಿನವನು, “ನಾವು ಹಿಡಕೊಂಡು ಬಂದ್ವಿ.”

ಮರುದಿನ ನೋಡಿದರೆ ಅರ್ಧ ನಡುಗಡ್ಡೆ ಇರಲಿಲ್ಲ. ಕಾಕಾ ಬಸದಿಯಲ್ಲಿ ಪೂಜೆ ಮಾಡಿಸಿದರು, ಹೊಳೆಯನ್ನು ಬೈದರು. ಮಳೆಗಾಲ ಮುಗಿಯುವಷ್ಟರಲ್ಲಿ ಮೂಡಲಗಿಯ ಕಡೆ ಇನ್ನೊಂದು ನಡುಗಡ್ಡೆ ನೋಡಿ ಬಂದು, ಮರ ದಟ್ಟವಾಗಿವೆ ಎಂದು ಖುಷಿಯಿಂದ ಹೇಳಿ ನನ್ನನ್ನೂ ಕರೆದರು. ಬರುವುದಿಲ್ಲ ಎಂದೆ.

“ಅಂಜಬುರಕ!” ಎಂದರು.

“ಹೌದ್ರಿ ಕಾಕಾ,” ಎಂದೆ.