ಆಕಾಶದ ಕಾದಂಬರಿಯ ಕೊನೆಯ ಪುಟ

ಮೊನ್ನೆ ಮನೆಯ ಗೇಟಿಗೆ ಬಣ್ಣ ಬಳಿಯಲು ಬಂದವನು ಕೈಗಂಟಿದ್ದನ್ನು ತೊಳೆದುಕೊಳ್ಳಲು ಒಂದು ಬಾಟಲಿ ಸೀಮೆಎಣ್ಣೆ ತಂದಿದ್ದ. ರೇಷನ್ ಅಂಗಡಿಯಿಂದಲೇ ಮಾಯವಾಗಿರುವ ಆ ಪದಾರ್ಥವನ್ನು ಎಲ್ಲಿ ಸಂಪಾದಿಸಿದನೋ ನಾನು ಕೇಳಲಿಲ್ಲ. ಕೆಲವು ವಿಷಯಗಳನ್ನು ಗೃಹಸ್ಥನಾದವನು ಕೇಳಬಾರದು. ಮುಚ್ಚಳ ತೆಗೆದದ್ದೇ ತಡ, ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದಿದ್ದ ನನ್ನ ಪ್ರೆಸ್ಸು ಜಗಲಿಗೆ ಬಂದು ನಿಂತಂತಾಯಿತು. ಸಂಜೆಯಾದರೆ ಸೀಸದ ಅಚ್ಚುಮೊಳೆಗಳನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ಮಸಿ ತೆಗೆಯುವುದೇ ನಮ್ಮ ಸಂಧ್ಯಾವಂದನೆ. ಪ್ರೆಸ್ಸಿನ ಹಿಂದೆಯೇ ಮಹಡಿಯ ಮೇಲಿನ ಮೇಡಂ ನೆನಪಾದರು…

ಅವರು ಟೈಪಿಂಗ್ ಮೇಡಂ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಕೆಳಗೆ ನನ್ನ ಟ್ರೆಡಲ್ ಅಚ್ಚುಯಂತ್ರ, ಮೇಲೆ ಅವರ ಟೈಪಿಂಗ್ ಶಾಲೆ. ಎರಡೂ ಒಟ್ಟಿಗೆ ನಡೆದರೆ ಎದುರು ಹೋಟೆಲಿನವರು ಗಿರಾಕಿಗಳೊಡನೆ ಕೈಸನ್ನೆಯಲ್ಲಿ ವ್ಯವಹರಿಸುತ್ತಿದ್ದರು. ಮೇಡಂ ತಂದೆ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನವರು, ತಾಯಿ ಕಂಪಲಾಪುರದ ಕಡೆಯ ಒಂದು ಒಕ್ಕಲು ಮನೆಯ ಮಗಳು. ಆ ಮದುವೆಯಾದ ದಿನವೇ ತಾಯಿಗೆ ತವರಿನ ಬಾಗಿಲು ಮುಚ್ಚಿತ್ತು. ನಾನು ಕಾಣುವ ಹೊತ್ತಿಗೆ ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರು. ಮೇಡಂ ಮುಖ ತಂದೆಯದು, ಮಾತು ಅಪ್ಪಟ ತಾಯಿಯದು. ಕ್ಯಾಂಪಿನಲ್ಲಿ ಅವರನ್ನು ಕನ್ನಡದವಳು ಎನ್ನುತ್ತಿದ್ದರು, ಪಟ್ಟಣದಲ್ಲಿ ಕ್ಯಾಂಪಿನವಳು. ಹೊಸಬರು ಯಾರಾದರೂ "ಪರ್ವಾಗಿಲ್ಲ ಕಣ್ರೀ, ಕನ್ನಡ ಚೆಂದಾಗಿ ಕಲ್ತಿದ್ದೀರಿ" ಎಂದರೆ, "ನೀವೂ ಏನ್ ಕಮ್ಮಿ ಇಲ್ಲ ಬುಡಿ" ಎಂದು ಮುಖ ಅಲುಗಿಸದೆ ಹೇಳುತ್ತಿದ್ದರು.

ಅಂಥವರು ಒಂದು ದಿನ ಕಾದಂಬರಿ ಅಚ್ಚು ಹಾಕಿಸಬೇಕೆಂದು ಕೆಳಗಿಳಿದು ಬಂದರು. ಅಂತರಿಕ್ಷದ ಕಾದಂಬರಿ. ನಾಯಕಿಯ ತಂದೆ ಒಂದು ಗ್ರಹದವನು, ತಾಯಿ ಇನ್ನೊಂದರವಳು. ಹುಟ್ಟಿದ್ದು ಎರಡರ ನಡುವೆ ಓಡುತ್ತಿದ್ದ ನೌಕೆಯಲ್ಲಿ. ದೊಡ್ಡವಳಾಗಿ ತಾನೇ ನೌಕೆ ನಡೆಸುತ್ತಾಳೆ. ಗ್ರಹಕ್ಕೂ ಗ್ರಹಕ್ಕೂ ಯುದ್ಧವಾದಾಗ ಎರಡು ಕಡೆಯ ಗಾಯಾಳುಗಳನ್ನೂ ಸಾಗಿಸುತ್ತಾಳೆ. ಆದರೆ ಯಾವ ನಿಲ್ದಾಣಕ್ಕೆ ಹೋದರೂ ಬಾಗಿಲಲ್ಲಿ ಕೂತ ಅಧಿಕಾರಿ ಕೇಳುವುದು ಒಂದೇ ಮಾತು: "ನೀನು ಯಾರ ಪೈಕಿ?" ನಮ್ಮ ತಾಲ್ಲೂಕಿನ ಪ್ರಶ್ನೆ ನಕ್ಷತ್ರಮಂಡಲದ ಆಚೆಗೂ ಹಬ್ಬಿರುವುದನ್ನು ಕಂಡು ನನಗೆ ಒಂದು ಬಗೆಯ ಪ್ರಾದೇಶಿಕ ಹೆಮ್ಮೆಯೇ ಆಯಿತು.

ನಮ್ಮ ಕಾಂಪೋಸಿಟರ್ ಹಾರನಹಳ್ಳಿಯ ಕಡೆಯ ಹಿರಿಯರು, ಮೊಳೆ ಜೋಡಿಸುತ್ತಲೇ ಕೂದಲು ನೆರೆತವರು. ಲಗ್ನಪತ್ರಿಕೆಯ ಹೊರತು ಬೇರೆ ಸಾಹಿತ್ಯವನ್ನು ಅವರು ಮಾನ್ಯ ಮಾಡುತ್ತಿರಲಿಲ್ಲ. ನಾಯಕಿ ನೌಕೆಯಲ್ಲಿ ತೇಲುತ್ತಾ ಮುದ್ದೆ ಉಣ್ಣುವ ಪುಟಕ್ಕೆ ಬಂದಾಗ ಅವರ ಕೈ ನಿಂತಿತು.

"ಅಲ್ಲ ಮೇಡಮ್ನೋರೆ, ಅಲ್ಲಿ ಯಾವ್ದೂ ಕೆಳಕ್ಕೆ ಬೀಳಲ್ಲ ಅಂತೀರಿ. ಮುದ್ದೆ ಒಟ್ಟೆಗೆ ಎಂಗೆ ಇಳೀತದೆ?"

"ನುಂಗೋದು ಗಂಟಲ ಕೆಲ್ಸ ತಾತ, ಭೂಮ್ತಾಯಿದಲ್ಲ."

"ಅದೇನೋಪ್ಪ. ಕೊನೇಲಿ ಆ ಮಗೀಗೊಂದು ಮದ್ವೆ ಮಾಡ್ಬುಡಿ. ಒಂದು ನೆಲೆ ಅಂತ ಆಯ್ತದೆ."

ಮೇಡಂ ಮದುವೆ ಮಾಡಲಿಲ್ಲ. ಮುಖಪುಟಕ್ಕೆ ಮಾತ್ರ ನೌಕೆಯ ಚಿತ್ರ ಬೇಕೆಂದರು. ನಮ್ಮಲ್ಲಿದ್ದ ಚಿತ್ರದಚ್ಚಿನ ಬ್ಲಾಕುಗಳು ಗಣಪತಿ, ವಾಲಗದವರು, ಕಲಶ. ಬಹಳ ಆಲೋಚಿಸಿ ಕಲಶವನ್ನು ಆರಿಸಿದೆ: ತೆಂಗಿನಕಾಯಿಯ ಜುಟ್ಟು ಆಕಾಶಕ್ಕೆ ಮುಖ ಮಾಡಿತ್ತು, ಮಾವಿನೆಲೆಗಳು ರೆಕ್ಕೆಯಂತೆ ಚಾಚಿದ್ದವು. ಮೇಡಂ ಒಪ್ಪಿದರು. ವಿಜ್ಞಾನ ಒಪ್ಪಿತೋ ಗೊತ್ತಿಲ್ಲ.

ಅದೇ ದಿನಗಳಲ್ಲಿ ಮೇಡಂ ಸೋದರಮಾವ, ತಂಬಾಕು ಬೆಳೆಯುವ ಗೌಡರು, ಮಗಳ ಲಗ್ನಪತ್ರಿಕೆ ಹೊಡೆಸಲು ಬಂದರು. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರನ್ನು ಯಾರೂ ಓದುವುದಿಲ್ಲ. ಓದುವುದು ಕೆಳಗೆ "ತಮ್ಮ ಸುಖಾಗಮನವನ್ನು ಬಯಸುವವರು" ಎಂಬಲ್ಲಿನ ಸಣ್ಣಕ್ಷರದ ಸಾಲುಗಳನ್ನು. ಅಲ್ಲಿ ಹೆಸರಿದ್ದವನು ನೆಂಟ. ಇಲ್ಲದವನು ಊಟಕ್ಕೆ ಬಂದವನು. ಸತ್ತವರೂ ಹೆಸರಿಗೊಂದು "ದಿ." ಹಚ್ಚಿಕೊಂಡು ಬಂದು ಸುಖಾಗಮನ ಬಯಸುತ್ತಾರೆ. ಗೌಡರು ಬರೆದು ತಂದ ಸಾಲುಗಳಲ್ಲಿ ಹುಡುಗಿಯ ಸೋದರತ್ತೆಯರೆಲ್ಲ ಇದ್ದರು. ಒಬ್ಬರು ಮಾತ್ರ, ಅಂದರೆ ಮೇಡಂ ತಾಯಿ, "ದಿ." ಎಂದು ಕೂಡ ಇರಲಿಲ್ಲ.

ನಮ್ಮ ಪ್ರೂಫ್ ನೋಡಿಕೊಡುತ್ತಿದ್ದವರು ಮೇಡಮ್ಮೇ. ಅಂದು ಅವರು ಅಭ್ಯಾಸದಂತೆ ಕೆಳಗೆ ಬಂದಾಗ ಗೌಡರು ಬೆಂಚಿನ ಮೇಲೆ ಕೂತಿದ್ದರು. ಮೇಡಂ ಪೆನ್ಸಿಲ್ ತೆಗೆದುಕೊಂಡರು. ವರನ ಊರಿನ ಕಾಗುಣಿತ ತಿದ್ದಿದರು, ಛತ್ರದ ವಿಳಾಸ ತಿದ್ದಿದರು, ಕೆಳಗಿನ ಸಾಲುಗಳಿಗೆ ಬಂದರು. ಪೆನ್ಸಿಲ್ ನಿಂತಿತು. ಗೌಡರು ಕೆಮ್ಮಿದರು.

"ಇನ್ನೇನಾರ ಬಿಟ್ಟೋಗಿದ್ರೆ ಯೋಳ್ಬುಡಿ ಮೇಡಂ."

ಒಡಹುಟ್ಟಿದ ತಂಗಿಯ ಮಗಳನ್ನು ಮೇಡಂ ಎನ್ನುವುದು ಎಷ್ಟು ಪ್ರಯಾಸದ ಗೌರವ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು.

"ನೀವು ಬರ್ಕೊಟ್ಟಿದ್ದೆಲ್ಲ ಬಂದೈತೆ" ಎಂದು ಮೇಡಂ ಪ್ರೂಫ್ ಮಡಚಿಟ್ಟು ಮಹಡಿ ಹತ್ತಿದರು.

ಕಾರ್ಡು ಹೊಡೆದು ಕೊಟ್ಟೆವು. ಆದರೆ ಹೆಸರುಗಳಿಗೆ ಜೋಡಿಸಿದ ಮೊಳೆಗಳನ್ನು ಕಾಂಪೋಸಿಟರ್ ಬಿಚ್ಚಲಿಲ್ಲ. ಯಾವ ಮದುವೆಗೂ ಮೊದಲ ಸಲ ಹೊಡೆಸಿದ ಕಾರ್ಡು ಸಾಲುವುದಿಲ್ಲ, ಮತ್ತೆ ಬಂದೇ ಬರುತ್ತಾರೆ ಎಂಬುದು ಆ ಕಸುಬಿನ ಅನುಭವ. ಅಷ್ಟರಲ್ಲಿ ಕಾದಂಬರಿಯೂ ಕೊನೆಯ ಪುಟಕ್ಕೆ ಬಂದಿತ್ತು. ಯುದ್ಧ ಮುಗಿದಿದೆ, ನಾಯಕಿಯ ನೌಕೆ ತಾಯಿಯ ಗ್ರಹವನ್ನು ಸುತ್ತುತ್ತಿದೆ. "ಇಳಿಯಲೇ?" ಎಂದು ಕೆಳಕ್ಕೆ ಕೇಳಿ ಉತ್ತರಕ್ಕೆ ಕಾಯುತ್ತಾಳೆ. ಅಲ್ಲಿಗೆ ಮುಗಿಯಿತು. ಉಳಿದ ಪುಟವೆಲ್ಲ ಖಾಲಿ. ಖಾಲಿ ಜಾಗ ಕಂಡರೆ ನಮ್ಮ ಹಿರಿಯರಿಗೆ ಆಗದು. ಪ್ರೂಫ್ ತೆಗೆದು ನೋಡುತ್ತೇನೆ, "ಇಳಿಯಲೇ?" ಎಂಬುದರ ಕೆಳಗೆ ಹೂಬಳ್ಳಿಯ ಅಂಚು, ಅದರ ಕೆಳಗೆ "ತಮ್ಮ ಸುಖಾಗಮನವನ್ನು ಬಯಸುವವರು", ಅದರ ಕೆಳಗೆ ಗೌಡರ ಇಡೀ ಬಳಗ ಸಾಲಾಗಿ ನಿಂತಿದೆ!

"ಏನ್ರೀ ಇದು?" ಎಂದೆ.

"ಕೊನೇಲಿ ಯಾರೂ ಕರಿಯೋರಿಲ್ದಂಗೆ ಬಿಡಾಕಾಯ್ತದಾ ಸಾಮಿ? ಎಲ್ಲಾ ಕಾರ್ಡಿಗೂ ಆಕಲ್ವಾ?"

ಕಾದಂಬರಿಗೂ ಕಾರ್ಡಿಗೂ ಇರುವ ಭೇದದ ಮೇಲೆ ನಾನು ಉಪನ್ಯಾಸ ಆರಂಭಿಸುವಷ್ಟರಲ್ಲಿ ಮೇಡಂ ಬಂದು ಪ್ರೂಫಿಗೆ ಕೈ ಚಾಚಿದರು. ಓದಿದರು. ಮತ್ತೆ ಓದಿದರು. ಈಗಲೇ ತೆಗೆಸುತ್ತೇನೆ ಎಂದೆ.

"ಇರ್ಲಿ ಬುಡಿ ಸಾರ್. ಒಂದು ಹೆಸ್ರು ಬಿಟ್ಟೋಗೈತೆ ಅಷ್ಟೆ."

ಗೌಡರ ಹೆಸರಿನ ಕೆಳಗೆ "ದಿ." ಎಂದು ಬರೆದು ತಾಯಿಯ ಹೆಸರು ಸೇರಿಸಿದರು. ತಮ್ಮ ಹೆಸರು ಸೇರಿಸಲಿಲ್ಲ. ಕರೆಯುವವರ ಸಾಲಿನಲ್ಲಿ ಬರುವವಳ ಹೆಸರು ಇರುವ ಪದ್ಧತಿ ಇಲ್ಲವಲ್ಲ…

ಮದುವೆ ಹತ್ತಿರ ಬಂದಾಗ ಕಾಂಪೋಸಿಟರ್ ಎಣಿಸಿದಂತೆಯೇ ಗೌಡರು ಬಂದರು, ಕಾರ್ಡು ಸಾಲದೆಂದು. ಮೇಜಿನ ಮೇಲೆ ಕಲಶದ ಮುಖಪುಟದ ಪುಸ್ತಕಗಳನ್ನು ಪೇರಿಸಿದ್ದೆವು. ನಾನು ಕಣ್ಣು ಬಿಟ್ಟರೂ ಲೆಕ್ಕಿಸದೆ ನಮ್ಮ ಹಿರಿಯರು ಒಂದನ್ನೆತ್ತಿ, ಕೊನೆಯ ಪುಟ ತೆರೆದು ಅವರ ಕೈಗಿಟ್ಟರು.

"ನೋಡಿ ಗೌಡ್ರೆ, ನಿಮ್ಮೆಸ್ರು ಆಕಾಶ್ದವರ್ಗೂ ಓಗ್ಬುಟ್ಟದೆ."

ಮಾನನಷ್ಟದ ಮೊಕದ್ದಮೆಗೆ ನಾನು ಮನಸ್ಸಿನಲ್ಲೇ ವಕೀಲರನ್ನು ಗೊತ್ತುಮಾಡಿಕೊಳ್ಳುತ್ತಿದ್ದೆ. ಗೌಡರು ಬೆರಳಿಟ್ಟು ಓದುತ್ತಾ ಬಂದರು. ಬೆರಳು ತಂಗಿಯ ಹೆಸರಿನ ಮೇಲೆ ನಿಂತಿತು, ಮುಂದೆ ಹೋಗಲಿಲ್ಲ.

"ಈ ಸಲದ ಕಾರ್ಡು ಇಂಗೇ ಇರ್ಲಿ" ಎಂದರು. ಆಮೇಲೆ ಚಪ್ಪಲಿ ಬಿಟ್ಟು, ಮೆಟ್ಟಿಲ ಬುಡಕ್ಕೆ ಹೋಗಿ, ಮೇಲಕ್ಕೆ ಮುಖ ಮಾಡಿದರು.

"ಕೂಸೇ… ಬರ್ಲಾ?"

ಮೇಲೆ ಟೈಪ್‌ರೈಟರುಗಳು ಒಂದೊಂದಾಗಿ ನಿಂತವು.

"ಬಾ ಮಾವ."

ಅಲ್ಲಿ ಏನು ಮಾತಾಯಿತೋ ತಿಳಿಯದು. ಕೇಳಿಸಿಕೊಳ್ಳಲೆಂದೇ ನಾನು ಟ್ರೆಡಲ್ ನಿಲ್ಲಿಸಿದ್ದೆ. ಕಾಂಪೋಸಿಟರ್ ಬಂದು ಮತ್ತೆ ಓಡಿಸಿಬಿಟ್ಟರು. ಮೊದಲ ಕಾರ್ಡು ಸಿಕ್ಕವರು ಎರಡನೆಯದನ್ನು ಪಕ್ಕದಲ್ಲಿಟ್ಟುಕೊಂಡು ಊರಿನಲ್ಲಿ ಬಹಳ ದಿನ ಚರ್ಚಿಸಿದರಂತೆ. ಮೇಡಂ ಮದುವೆಗೆ ಹೋಗಿದ್ದರು. ಉಣ್ಣುವವರ ಸಾಲಿನಲ್ಲಲ್ಲ, ಸೆರಗು ಸಿಕ್ಕಿಸಿ ಬಡಿಸುವವರ ಸಾಲಿನಲ್ಲಿ ಕಂಡರು ಎಂದು ಹೋಗಿ ಬಂದವರು ಹೇಳಿದರು.

ಮುಂದೆ ಕಂಪ್ಯೂಟರ್ ಬಂತು. ಟೈಪಿಂಗ್ ಶಾಲೆ ಮುಚ್ಚಿ ಮೇಡಂ ಹುಣಸೂರಿಗೆ ಹೋದರು. ನನ್ನ ಯಂತ್ರ ಗುಜರಿಗೆ ಹೋಯಿತು. ಕಾಂಪೋಸಿಟರ್, ಗೌಡರು ಒಬ್ಬರ ಹಿಂದೊಬ್ಬರು ಹೋದರು. ಕಾದಂಬರಿಯನ್ನು ನನಗೆ ತಿಳಿದಂತೆ ಯಾವ ವಿಮರ್ಶಕರೂ ಓದಲಿಲ್ಲ.

ಹೋದ ವರ್ಷ ಮೇಡಂ ತೀರಿಕೊಂಡರು. ಗೌಡರ ಮಕ್ಕಳು ಊರಿನಲ್ಲಿ ಹನ್ನೊಂದನೆಯ ದಿನದ ತಿಥಿ ಮಾಡಿದರು. ಕ್ಯಾಂಪಿನ ತಂದೆಯ ಕಡೆಯವರು ತಮ್ಮ ಪದ್ಧತಿಯಂತೆ ನಲವತ್ತೊಂಬತ್ತನೆಯ ದಿನ ಬೆಣ್ಣೆದೀಪ ಹಚ್ಚಿದರು. ನಾನು ಎರಡಕ್ಕೂ ಹೋಗಿದ್ದೆ. ಒಂದು ಕಡೆ ಮುದ್ದೆ ಊಟ, ಒಂದು ಕಡೆ ಉಪ್ಪು ಹಾಕಿದ ಬೆಣ್ಣೆ ಟೀ. ಈ ವಯಸ್ಸಿನಲ್ಲಿ ಎರಡೂ ಜೀರ್ಣವಾದದ್ದು ನನಗೇ ಆಶ್ಚರ್ಯ. ಪರಿಚಯ ಹೇಳಿಕೊಂಡಾಗ ಎರಡು ಕಡೆಯ ಹಿರಿಯರೂ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದರು, ಕ್ಯಾಂಪಿನವರೂ ಕನ್ನಡದಲ್ಲೇ ಹೇಳಿದರು: "ಅವಳು ನಮ್ಮೋಳು."

ಅದನ್ನು ಕೇಳಿಸಿಕೊಳ್ಳಬೇಕಾಗಿದ್ದವರೊಬ್ಬರು ಮಾತ್ರ ಎರಡು ಕಡೆಯೂ ಇರಲಿಲ್ಲ.